ತಾನಾಗಿ ಹೋದವನು

2022ರ ನವೆಂಬರ್ ಮೊದಲ ವಾರದಲ್ಲಿ ಉಕ್ರೇನಿನ ಪೂರ್ವದ ರಣರಂಗದಲ್ಲಿ 25 ವರ್ಷದ ಹುಡುಗನೊಬ್ಬ ರಕ್ತ ಸೋರಿ ಸತ್ತ. ಅವನು ಉಕ್ರೇನಿನವನಲ್ಲ, ರಷ್ಯಾದವನೂ ಅಲ್ಲ. ಅಲ್ಲಿಂದ ಸುಮಾರು 8 ಸಾವಿರ ಕಿಲೋಮೀಟರು ದೂರದ ತೈವಾನ್ ದ್ವೀಪದ ಪೂರ್ವ ಕರಾವಳಿಯ ಹುವಾಲಿಯೆನ್ ಕಡೆಯವನು. ಅಮಿಸ್ ಎಂಬ ಮೂಲನಿವಾಸಿ ಬುಡಕಟ್ಟಿನವನು. ಯಾರೂ ಅವನನ್ನು ಹಿಡಿದು ಕಳಿಸಿರಲಿಲ್ಲ. ಉಕ್ರೇನಿನ ಅಧ್ಯಕ್ಷ 2022ರ ಫೆಬ್ರವರಿ ಕೊನೆಯಲ್ಲಿ ಹೊರದೇಶದವರನ್ನು ಯುದ್ಧಕ್ಕೆ ಕರೆದಾಗ ಓಗೊಟ್ಟು ಹೋದವರಲ್ಲಿ ಅವನೂ ಒಬ್ಬ. ಮೊದಲು ತನ್ನ ನಾಡಿನ ಸೈನ್ಯದಲ್ಲಿ ದುಡಿದಿದ್ದವನು. ಮಗನನ್ನು ಕೊನೆಯ ಸಲ ನೋಡಲು ತಾಯಿ ಆ ಯುದ್ಧದ ನಾಡಿಗೇ ಹೋಗಬೇಕಾಯಿತು.

ಪತ್ರಿಕೆಗಳು 'ಆ ಯುದ್ಧದಲ್ಲಿ ಮಡಿದ ಮೊದಲ ತೈವಾನೀಯ' ಎಂದು ಬರೆದವು. ಅಮಿಸ್ ಅನ್ನೋದು ಅರ್ಧ ವಾಕ್ಯದಲ್ಲಿ ಬಂದು ಹೋಯಿತು. ಅವನ ಹೆಸರನ್ನು ನಾವಿಲ್ಲಿ ಬರೆಯುತ್ತಿಲ್ಲ. ಅಚ್ಚಾದದ್ದು ಚೀನೀ ರೀತಿಯ ಹೆಸರು. ಆ ದ್ವೀಪದ ಮೂಲನಿವಾಸಿಗಳಿಗೆ ಚೀನೀ ಹೆಸರುಗಳು ಹೇಗೆ ಅಂಟಿಕೊಂಡವು ಅನ್ನೋದು ಮುಂದೆ ಬರುತ್ತದೆ.

ಈ ಯುದ್ಧ ನಮಗೆ ಪೂರಾ ಪರದೇಶದ್ದೇನೂ ಅಲ್ಲ. ಅದೇ ವರ್ಷದ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಸಿಕ್ಕು ಸತ್ತವನು ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ಹುಡುಗ. ಡಾಕ್ಟರಿಕೆ ಓದಲು ಹೋಗಿದ್ದವನು. ಆ ಸಾವಿಗೆ ನಾವೆಲ್ಲ ಮರುಗಿದೆವು, ಮರುಗುವುದರಲ್ಲಿ ನಮಗೆ ಯಾವ ಗೊಂದಲವೂ ಇರಲಿಲ್ಲ. ಓದಲು ಹೋದವನು, ಬಂದೂಕು ಮುಟ್ಟದವನು. ಆದರೆ ಎಂಟು ತಿಂಗಳ ಮೇಲೆ ಅದೇ ನಾಡಿನಲ್ಲಿ ಸತ್ತ ಈ ಅಮಿಸ್ ಹುಡುಗನ ವಿಷಯ ಬಂದಾಗ ನಮ್ಮಲ್ಲೇ ಜಗಳ ಹತ್ತಿತು. ಒಬ್ಬ ಗೆಳೆಯ, 'ಕೂಲಿ ಸಿಪಾಯಿ, ಬಿಡ್ರಿ. ಇನ್ನೊಬ್ಬರ ಜಗಳಕ್ಕೆ ಹೆಣವಾದ. ಬಡವರ ಮಕ್ಕಳ ಹಣೇಬರಹವೇ ಇಷ್ಟು' ಅಂದ. ಇನ್ನೊಬ್ಬ, 'ಇಲ್ಲ, ದೊಡ್ಡ ದೇಶ ಸಣ್ಣ ದೇಶದ ಮೇಲೆ ಬಿದ್ದಾಗ ಸುಮ್ಮನೆ ಕೂರದೆ ಎದ್ದು ಹೋದ, ಅವನು ಹುತಾತ್ಮ' ಅಂದ. ಹಳ್ಳಿಯಲ್ಲಿ ಮೇಷ್ಟ್ರಾಗಿರುವ ಮೂರನೆಯವನು ಇಬ್ಬರನ್ನೂ ತಡೆದು ಕೇಳಿದ: 'ತಾನಾಗಿ ಹೋದ ಅಂತೀರಲ್ಲ, ತಾನಾಗಿ ಅಂದ್ರೇನು?'

ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿ ಹೋದದ್ದು.

ತೈವಾನಿನ ಮೂಲನಿವಾಸಿಗಳ ಬಾಯಲ್ಲಿ 'ಸ್ವಯಂಸೇವಕ ಸೈನಿಕ' ಅನ್ನೋ ಮಾತಿಗೆ ಒಂದು ಹಳೆಯ ಗಾಯವಿದೆ. ಈ ಜನ ಚೀನೀಯರಲ್ಲ. ಚೀನಾದಿಂದ ರೈತರು, ವ್ಯಾಪಾರಿಗಳು ಬಂದು ಬಯಲನ್ನು ಆಕ್ರಮಿಸುವ ಸಾವಿರಾರು ವರ್ಷಗಳ ಮೊದಲಿನಿಂದ ಅಲ್ಲಿದ್ದವರು. ಅವರ ನುಡಿಗಳು ಫಿಲಿಪೈನ್ಸ್, ಇಂಡೋನೇಷ್ಯಾ ಕಡೆಯ ನುಡಿಗಳ ನೆಂಟರು. ಇವತ್ತು ಸರ್ಕಾರ ಒಪ್ಪಿಕೊಂಡಿರುವ ಬುಡಕಟ್ಟುಗಳು 16, ಅವುಗಳಲ್ಲಿ ಅಮಿಸರೇ ದೊಡ್ಡವರು. ಎಲ್ಲ ಸೇರಿದರೂ ದ್ವೀಪದ ಜನಸಂಖ್ಯೆಯಲ್ಲಿ ನೂರಕ್ಕೆ ಮೂರನ್ನು ಮುಟ್ಟುವುದಿಲ್ಲ. ಚೀನೀ ದೊರೆಗಳ ಕಾಲದಲ್ಲಿ ಇವರನ್ನು ಎರಡು ಬಗೆ ಮಾಡಿದ್ದರು: 'ಬೆಂದ ಕಾಡರು', 'ಹಸಿ ಕಾಡರು'. ತೆರಿಗೆ ಕೊಟ್ಟು, ಆಳುವವರ ನಡೆನುಡಿ ಕಲಿತವರು ಬೆಂದವರು. ಬೆಟ್ಟದಲ್ಲಿ ತಮ್ಮ ಪಾಡಿಗೆ ತಾವಿದ್ದವರು ಹಸಿ. ಮನುಷ್ಯರನ್ನು ಅಡುಗೆಯ ಭಾಷೆಯಲ್ಲಿ ವಿಂಗಡಿಸಿದ ಆ ಬುದ್ಧಿ ನಮಗೇನು ಹೊಸದಲ್ಲ, ಮಡಿ-ಮೈಲಿಗೆಯ ದೇಶದವರು ನಾವು.

1895ರಲ್ಲಿ ದ್ವೀಪ ಜಪಾನಿನ ಕೈಗೆ ಹೋಯಿತು. ಕರ್ಪೂರದ ಮರಗಳಿದ್ದ ಬೆಟ್ಟಗಳು ಬೇಕಾಗಿದ್ದವು, ಬೆಟ್ಟದ ಜನ ಅಡ್ಡಿಯಾಗಿದ್ದರು. ವಿದ್ಯುತ್ ತಂತಿಬೇಲಿ ಹಾಕಿದರು, ಬೇಟೆಯ ಬಂದೂಕು ಕಿತ್ತುಕೊಂಡರು. ಬೆಟ್ಟದ ಹಳ್ಳಿಗಳಲ್ಲಿ ಪೊಲೀಸನೇ ಸರ್ಕಾರ. ಕಂದಾಯಕ್ಕೂ ಅವನೇ, ಬಿಟ್ಟಿ ಕೆಲಸಕ್ಕೆ ಆಳು ಹಿಡಿಯೋದಕ್ಕೂ ಅವನೇ, ಮಕ್ಕಳಿಗೆ ಪಾಠ ಹೇಳೋದಕ್ಕೂ ಅವನೇ. ಇದನ್ನು ಓದುವ ಮೇಷ್ಟ್ರುಗಳು ಒಂದು ಗಳಿಗೆ ಯೋಚಿಸಬೇಕು. ಸೊಂಟದಲ್ಲಿ ಕತ್ತಿ ಕಟ್ಟಿಕೊಂಡವನು ಅಕ್ಷರ ಕಲಿಸಿದರೆ ಮಗು ಕಲಿಯುವುದು ಏನನ್ನು?

1930ರ ಅಕ್ಟೋಬರ್ 27ರಂದು ಮುಷಾ ಎಂಬ ಊರಿನ ಶಾಲೆಯ ಆಟೋಟದ ದಿನ ಸೀಡಿಕ್ ಬುಡಕಟ್ಟಿನವರು ಮೋನಾ ರುಡಾವೋ ಎಂಬ ಮುಖಂಡನ ಹಿಂದೆ ದಂಗೆ ಎದ್ದರು. 134 ಜಪಾನೀಯರನ್ನು ಕೊಂದರು, ಹೆಂಗಸರು ಮಕ್ಕಳನ್ನೂ ಬಿಡಲಿಲ್ಲ. ಇದನ್ನು ಮುಚ್ಚಿಟ್ಟು ದಂಗೆಯನ್ನು ಹಾಡಿ ಹೊಗಳುವುದು ಅಪ್ರಾಮಾಣಿಕತೆ. ಜಪಾನ್ ವಿಮಾನ, ಫಿರಂಗಿ ತಂದು ಉತ್ತರ ಕೊಟ್ಟಿತು. ಬುಡಕಟ್ಟಿನ ಮೇಲೆ ಬುಡಕಟ್ಟನ್ನೇ ಛೂ ಬಿಟ್ಟಿತು. ಶರಣಾಗಿ ಉಳಿದವರನ್ನೂ ಮರುವರ್ಷ ಎದುರಾಳಿ ಗುಂಪಿನವರು ರಾತ್ರೋರಾತ್ರಿ ಕೊಚ್ಚಿಹಾಕುವಂತೆ ನೋಡಿಕೊಂಡಿತು. ಕೊನೆಗೆ ಬದುಕುಳಿದ ಮುನ್ನೂರರಷ್ಟು ಜನರನ್ನು ಅವರ ಬೆಟ್ಟದಿಂದ ಕಿತ್ತು ಬೇರೆ ಕಡೆ ನೆಟ್ಟರು.

ಇದಾಗಿ ಹನ್ನೆರಡು ವರ್ಷ. 1942ರಲ್ಲಿ ಜಪಾನ್ ಬೆಟ್ಟದ ಹುಡುಗರನ್ನು ಫಿಲಿಪೈನ್ಸ್ ಯುದ್ಧಕ್ಕೆ ಒಯ್ಯಿತು. ಆಮೇಲೆ ನ್ಯೂಗಿನಿಗೆ, ಮೊರೊಟಾಯ್ ದ್ವೀಪಕ್ಕೆ. ಹೀಗೆ ಹೋದವರು ಹಲವು ಸಾವಿರ. ಕಾಡು ಬಲ್ಲವರು, ಕತ್ತಲಲ್ಲಿ ನಡೆಯಬಲ್ಲವರು, ಅಕ್ಕಿ ಮುಗಿದರೆ ಗೆಡ್ಡೆ ಹುಡುಕಬಲ್ಲವರು. ಎಷ್ಟೋ ಮಂದಿ ತಿರುಗಿ ಬರಲಿಲ್ಲ. ಆ ಪಡೆಗಳಿಗೆ ಇಟ್ಟ ಹೆಸರು 'ತಕಸಾಗೊ ಸ್ವಯಂಸೇವಕರು'. 'ಹಸಿ ಕಾಡರು' ಎಂಬ ಮಾತನ್ನು ಸರ್ಕಾರಿ ಕಾಗದದಿಂದ ಅಳಿಸಿ ತಕಸಾಗೊ ಎಂಬ ಸೊಗಸಾದ ಹೆಸರನ್ನು ಕೊಟ್ಟದ್ದು 1935ರಲ್ಲಿ. ನಮಗೂ ಇಂಥ ಸೊಗಸಾದ ಹೆಸರು ಸಿಕ್ಕಿದೆ, ಅದರಿಂದ ಬಾವಿಯ ಹಗ್ಗ ಸಿಗಲಿಲ್ಲ.

ನಮ್ಮನ್ನು ತಡೆದು ನಿಲ್ಲಿಸಿದ ಸಂಗತಿ ಇದು: ಸೇರಿಸಿಕೊಳ್ಳಿ ಎಂದು ಬೆರಳು ಕುಯ್ದು ರಕ್ತದಲ್ಲಿ ಅರ್ಜಿ ಬರೆದವರಿದ್ದರು. ಮುಷಾ ದಂಗೆಯಲ್ಲಿ ಅಪ್ಪಂದಿರನ್ನು ಕಳೆದುಕೊಂಡವರ ಹಟ್ಟಿಯಿಂದಲೂ ಹುಡುಗರು ಹೋದರು. ಅಪ್ಪನನ್ನು ಕೊಂದ ಸೈನ್ಯದ ಬಟ್ಟೆ ತೊಟ್ಟು, ಅದೇ ಸೈನ್ಯಕ್ಕಾಗಿ ಸಾಯಲು. ಇದನ್ನು ಏನೆಂದು ಕರೆಯೋಣ? ಪೊಲೀಸ್ ಮೇಷ್ಟ್ರ ಒತ್ತಾಯವಿತ್ತು, ಅದು ನಿಜ. ಊರಿನ ಒಬ್ಬ ಹೋದ ಮೇಲೆ ಹೋಗದೆ ಉಳಿದವನು ಹೇಡಿ ಅನ್ನಿಸಿಕೊಳ್ಳುವ ಅಂಜಿಕೆ ಇತ್ತು, ಅದೂ ನಿಜ. ಅದಕ್ಕಿಂತ ಆಳದಲ್ಲಿ ಇನ್ನೊಂದಿತ್ತು. ಜಪಾನೀಯನ ಪಕ್ಕದಲ್ಲಿ ನಿಂತು, ಅವನಷ್ಟೇ, ಅವನಿಗಿಂತ ಮಿಗಿಲಾಗಿ ಕಾದಾಡಿದರೆ ಇನ್ನು ಮೇಲೆ ತನ್ನನ್ನು ಕಾಡುಜನ ಅನ್ನಲಾರರು ಎಂಬ ಆಸೆ. ಮನುಷ್ಯನೆಂದು ಒಪ್ಪಿಸಿಕೊಳ್ಳಲು ಪ್ರಾಣವನ್ನೇ ಅಡ ಇಟ್ಟದ್ದು. ಆ ಅರ್ಜಿಯ ರಕ್ತ ಸುಳ್ಳಲ್ಲ. ಆದರೆ ಅಂಥ ಅರ್ಜಿ ಬರೆಯುವ ಗತಿ ತಂದಿಟ್ಟವರು ಯಾರು?

ಆ ಪಡೆಯಿಂದ ಒಬ್ಬ ಕೊನೆಗೂ ತಿರುಗಿ ಬಂದ. ಅವನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅವನೂ ಅಮಿಸ್. 1919ರಲ್ಲಿ ಹುಟ್ಟಿದವನು, ತನ್ನವರ ನಡುವೆ ಸುನಿಯುವೊ. ಸೈನ್ಯದ ದಾಖಲೆಯಲ್ಲಿ ನಕಮುರಾ ತೆರುವೊ. 1944ರಲ್ಲಿ ಮೊರೊಟಾಯ್ ದ್ವೀಪ ಅಮೆರಿಕನ್ನರ ಪಾಲಾದಾಗ ಕಾಡು ಸೇರಿದ. ಸತ್ತನೆಂದು ಸೈನ್ಯ ಬರೆದುಕೊಂಡಿತು. ಯುದ್ಧ ಮುಗಿದದ್ದು ಅವನಿಗೆ ತಿಳಿಯಲಿಲ್ಲ, ಅಥವಾ ತಿಳಿದರೂ ನಂಬಲಿಲ್ಲ. ಒಂದು ಗುಡಿಸಲು, ಸುತ್ತ ಬೇಲಿ, ಒಂದು ತುಂಡು ಹೊಲ. 1974ರ ಡಿಸೆಂಬರಿನಲ್ಲಿ ಇಂಡೋನೇಷ್ಯಾದ ಸೈನಿಕರು ಅವನನ್ನು ಹಿಡಿದಾಗ ಮೂವತ್ತು ವರ್ಷ ಕಳೆದಿತ್ತು.

ಅದೇ ವರ್ಷದ ಮಾರ್ಚಿನಲ್ಲಿ ಫಿಲಿಪೈನ್ಸಿನ ಕಾಡಿನಿಂದ ಒನೊಡಾ ಎಂಬ ಜಪಾನಿ ಅಧಿಕಾರಿ ಹೀಗೇ ಹೊರಬಂದಿದ್ದ. ಜಪಾನ್ ಅವನನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ಸುನಿಯುವೊನ ಪಾಲಿಗೆ ಬಂದದ್ದು ಲೆಕ್ಕ. ಅವನೀಗ ಜಪಾನಿನ ಪ್ರಜೆಯಲ್ಲ, ವಸಾಹತಿನ ಸಿಪಾಯಿಗೆ ಪಿಂಚಣಿ ಕಾನೂನು ಅನ್ವಯಿಸುವುದಿಲ್ಲ, ಆದ್ದರಿಂದ ಬಾಕಿ ಸಂಬಳ ವಗೈರೆ 68 ಸಾವಿರ ಯೆನ್! ಮೂವತ್ತು ವರ್ಷಕ್ಕೆ. ಡಾಲರಿನಲ್ಲಿ ಇನ್ನೂರ ಚಿಲ್ಲರೆ. ಜಪಾನಿನ ಜನರೇ ನಾಚಿಕೊಂಡು ಗಲಾಟೆ ಮಾಡಿದ ಮೇಲೆ, ಚಂದಾ ಎತ್ತಿದ ಮೇಲೆ ಮೊತ್ತ ಏರಿತು, ಆ ಮಾತು ಬೇರೆ. ಚಕ್ರವರ್ತಿಗಾಗಿ ಸಾಯುವಾಗ ಅವನು ಜಪಾನೀಯ, ಚಕ್ರವರ್ತಿಯ ಖಜಾನೆ ತೆರೆಯುವಾಗ ಪರದೇಶಿ.

1975ರ ಜನವರಿಯಲ್ಲಿ ಅವನು ತೈವಾನಿಗೆ ಬಂದಿಳಿದ. ಆ ಹೊತ್ತಿಗೆ ದ್ವೀಪವನ್ನು ಆಳುತ್ತಿದ್ದವರು ಚೀನಾದಿಂದ ಸೋತು ಓಡಿಬಂದ ಚಿಯಾಂಗ್ ಕೈ-ಶೇಕ್‌ನ ಪಕ್ಷದವರು. ಅವರು ಇವನಿಗಾಗಿ ಮೂರನೆಯ ಹೆಸರನ್ನು ಸಿದ್ಧ ಮಾಡಿಟ್ಟಿದ್ದರು: ಲೀ ಕ್ವಾಂಗ್-ಹುಯಿ. ಅವನಿಗೆ ಬರುತ್ತಿದ್ದದ್ದು ಅಮಿಸ್ ಮತ್ತು ಜಪಾನಿ ನುಡಿ, ತನ್ನ ಹೊಸ ಹೆಸರಿನ ಭಾಷೆ ಅವನಿಗೆ ಬರುತ್ತಿರಲಿಲ್ಲ. ಸತ್ತನೆಂದು ತಿಳಿದ ಹೆಂಡತಿ ಎಂದೋ ಮರುಮದುವೆಯಾಗಿದ್ದಳು, ಅದರಲ್ಲಿ ಅವಳ ತಪ್ಪೇನೂ ಇಲ್ಲ. 1979ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ.

ಇವನೊಬ್ಬನದೇ ಅಲ್ಲ. ಇಡೀ ಬೆಟ್ಟಕ್ಕೆ ಚೀನೀ ಹೆಸರುಗಳನ್ನು ಹಂಚಿದ್ದರು. ಸ್ವಂತ ಹೆಸರನ್ನು ಮತ್ತೆ ಬರೆಸಿಕೊಳ್ಳಲು ಕಾನೂನು ಅವಕಾಶ ಕೊಟ್ಟದ್ದು 1995ರಲ್ಲಿ. ಚೀನೀ ಅಕ್ಷರದ ಹಂಗಿಲ್ಲದೆ ಬರೆಸಿಕೊಳ್ಳಲು 2024ರವರೆಗೆ ಕಾಯಬೇಕಾಯಿತು. ಸಾಹುಕಾರ ಕೂಗಿದ್ದೇ ಹೆಸರಾಗಿ, ಹಾಜರಿ ಪುಸ್ತಕದಲ್ಲಿ ಅದೇ ಕೂತು, ಸಾಯುವವರೆಗೂ ಅದನ್ನೇ ಹೊತ್ತ ನಮ್ಮ ಅಜ್ಜಂದಿರ ನೆನಪು ಇಲ್ಲಿ ಬಾರದೆ ಇರದು. ಹಾಗೆಯೇ, ಜಪಾನ್ ಹೋದ ಮೇಲೂ ಬೆಟ್ಟದ ಹುಡುಗರ ಯುದ್ಧ ಮುಗಿಯಲಿಲ್ಲ. ಚಿಯಾಂಗನ ಸೈನ್ಯ ತೈತುಂಗ್ ಕಡೆಯ ಹುಡುಗರನ್ನು ಕೆಲಸದ ಆಸೆ ತೋರಿಸಿ ಚೀನಾದ ಅಂತರ್ಯುದ್ಧಕ್ಕೆ ಸಾಗಿಸಿತು. ಅಲ್ಲಿ ಸೆರೆಸಿಕ್ಕವರು ಕೆಂಪು ಸೈನ್ಯದ ಸಿಪಾಯಿಗಳಾದರು. ಅಣ್ಣ ಒಬ್ಬರ ಟೋಪಿ, ತಮ್ಮ ಇನ್ನೊಬ್ಬರ ಟೋಪಿ.

ಇಷ್ಟು ಓದಿಕೊಂಡ ಮೇಲೆ ನಮ್ಮ ಮೊದಲ ಗೆಳೆಯ ಗೆದ್ದ ಹಾಗೇ ಕಂಡಿತು. 'ನೋಡಿದ್ರಾ? ತಾನಾಗಿ ಅನ್ನೋದು ಆಳುವವರು ಹೊಲಿದ ಅಂಗಿ. ಅಜ್ಜ ಜಪಾನಿಗೆ ಸತ್ತ, ಮೊಮ್ಮಗ ಉಕ್ರೇನಿಗೆ ಸತ್ತ.' ಇವತ್ತಿಗೂ ತೈವಾನಿನ ಸೈನ್ಯಕ್ಕೆ ಸ್ವಂತ ಇಚ್ಛೆಯಿಂದ ಸೇರುವವರಲ್ಲಿ ಮೂಲನಿವಾಸಿಗಳ ಪಾಲು ಅವರ ಜನಸಂಖ್ಯೆಯ ಪಾಲಿಗಿಂತ ಹಲವು ಪಟ್ಟು ಹೆಚ್ಚು. ಬೆಟ್ಟದಲ್ಲಿ ಬೇರೆ ನೌಕರಿ ಎಲ್ಲಿದೆ?

ಆದರೂ ನಮಗೆ ಸಮಾಧಾನವಾಗಲಿಲ್ಲ. ಯಾಕೆಂದರೆ ನಮ್ಮದೇ ಮನೆಯಲ್ಲಿ ಒಂದು ಕಂಬ ನಿಂತಿದೆ. 1818ರ ಜನವರಿ 1ರಂದು ಭೀಮಾ ಕೋರೆಗಾಂವಿನಲ್ಲಿ ಪೇಶ್ವೆಯ ಸೈನ್ಯದ ಎದುರು ಕಾದಿ ಸತ್ತವರ ಕಂಬ. ಅದರ ಮೇಲೆ 22 ಮಹಾರರ ಹೆಸರುಗಳಿವೆ. ಅವರು ಯಾರ ಸೈನ್ಯದವರು? ಬ್ರಿಟಿಷ್ ಕಂಪನಿಯ ಸಂಬಳದ ಸಿಪಾಯಿಗಳು. ಕಂಪನಿಯೇನು ಅಸ್ಪೃಶ್ಯತೆ ಅಳಿಸಲು ಸಮುದ್ರ ದಾಟಿ ಬಂದದ್ದಲ್ಲ. ಮುಂದೆ 1892ರಲ್ಲಿ, ಬೇಡ ಅನ್ನಿಸಿದಾಗ, ಇದೇ ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿತು ಬ್ರಿಟಿಷ್ ಸರ್ಕಾರ. ನಿವೃತ್ತ ಸೈನಿಕ ಗೋಪಾಲ ಬಾಬಾ ವಲಂಗಕರ್ ಅಂಥವರು ಅರ್ಜಿ ಬರೆದರು, ಸಾಯುವ ನೌಕರಿಯನ್ನಾದರೂ ಕೊಡಿ ಎಂದು. ರಕ್ತದಲ್ಲಿ ಬರೆಯಲಿಲ್ಲ ಅನ್ನೋದಷ್ಟೇ ವ್ಯತ್ಯಾಸ. ಮಹಾರ್ ರೆಜಿಮೆಂಟ್ ಎಂಬುದು 1941ರಲ್ಲಿ ಹುಟ್ಟಿದ್ದು, ಬಾಬಾಸಾಹೇಬರು ಹಟ ಹಿಡಿದ ಮೇಲೆ. ಅದರ ಮೊದಲ ಬೆಟಾಲಿಯನ್ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲೇ.

ಹಾಗಾದರೆ ಕೋರೆಗಾಂವಿನ 22 ಮಂದಿ ಮೋಸಹೋದ ಕೂಲಿ ಸಿಪಾಯಿಗಳೇ? ದೇಶಭಕ್ತಿಯ ಗುತ್ತಿಗೆ ಹಿಡಿದವರು ಹಾಗೇ ಅಂತಾರೆ. ನಾವು ಅನ್ನುವುದಿಲ್ಲ. 1927ರ ಜನವರಿ 1ರಂದು ಬಾಬಾಸಾಹೇಬರು ಆ ಕಂಬದ ಮುಂದೆ ನಿಂತಾಗ ಕಂಪನಿಗೆ ಜೈಕಾರ ಹಾಕಲು ನಿಂತಿರಲಿಲ್ಲ. ಕೈಗೆ ಬಂದೂಕು ಬಂದದ್ದರಿಂದ, ಸೈನ್ಯದ ಶಾಲೆಯಲ್ಲಿ ಅಕ್ಷರ ಬಂದದ್ದರಿಂದ ಬೆನ್ನು ನೆಟ್ಟಗಾದ ಒಂದು ಪೀಳಿಗೆಯ ಮೊಮ್ಮಗನಾಗಿ ನಿಂತಿದ್ದರು. ಅವರ ತಂದೆ ರಾಮಜಿ ಸಕ್ಪಾಲರು ಸೈನ್ಯದ ಶಾಲೆಯಲ್ಲಿ ಮಾಸ್ತರರಾಗಿದ್ದವರು. ಆ ವರ್ಷದ ಮಾರ್ಚಿನಲ್ಲೇ ಮಹಾಡದ ಕೆರೆಗೆ ಇಳಿದದ್ದು. ಯಜಮಾನನ ಲೆಕ್ಕವೇ ಬೇರೆ ಇರಬಹುದು, ಹೋದವನ ಲೆಕ್ಕವೇ ಬೇರೆ ಇರಬಹುದು. ಎರಡನ್ನೂ ಒಂದೇ ಎಂದು ಬರೆಯುವವನು ಯಜಮಾನನ ಕಡೆಯ ಶಾನುಭೋಗ.

ಇನ್ನು ಇತ್ತೀಚಿನ ಒಂದು ಸಂಗತಿ. ಸೆಕ್ಯೂರಿಟಿ ಕೆಲಸ, ಒಳ್ಳೇ ಸಂಬಳ ಎಂದು ನಂಬಿಸಿ ಏಜೆಂಟರು ಕಲಬುರಗಿ ಕಡೆಯ ಹುಡುಗರನ್ನು ರಷ್ಯಾಕ್ಕೆ ಕಳಿಸಿದರು. ಅಲ್ಲಿ ಅವರನ್ನು ಸೈನ್ಯಕ್ಕೆ ತಳ್ಳಿ ಇದೇ ಉಕ್ರೇನ್ ಯುದ್ಧದ ಮುಂಚೂಣಿಗೆ ಒಯ್ದರು. ಮನೆಯವರು ಅಲೆದಾಡಿ, ಸರ್ಕಾರದ ಮಟ್ಟದಲ್ಲಿ ಮಾತುಕತೆಯಾಗಿ, 2024ರ ಸೆಪ್ಟೆಂಬರಿನಲ್ಲಿ ಅವರು ಜೀವ ಸಹಿತ ಬಂದರು. ಇದೇ ಜಾಲಕ್ಕೆ ಸಿಕ್ಕ ಬೇರೆ ರಾಜ್ಯಗಳ ಹುಡುಗರು ಕೆಲವರು ಬರಲಿಲ್ಲ. ಇದು ಮೋಸ, ಇಲ್ಲಿ 'ತಾನಾಗಿ' ಅನ್ನೋ ಮಾತೇ ಏಳುವುದಿಲ್ಲ. ಅಮಿಸ್ ಹುಡುಗನದು ಹಾಗಲ್ಲ. ಅವನು ಸೈನಿಕನಾಗಿದ್ದವನು, ಬಂದೂಕು ಏನು ಮಾಡುತ್ತದೆ ಅಂತ ಬಲ್ಲವನು, ಹೋಗುವುದು ಯುದ್ಧಕ್ಕೇ ಎಂದು ತಿಳಿದೇ ಹೋದವನು. ಈ ಎರಡನ್ನೂ 'ಬಡವರ ಮಕ್ಕಳು' ಎಂಬ ಒಂದೇ ಗೋಣಿಚೀಲಕ್ಕೆ ತುಂಬಿದರೆ ನಮಗೆ ಅನುಕೂಲ, ಭಾಷಣಕ್ಕೂ ಅನುಕೂಲ. ಸತ್ಯಕ್ಕೆ ಅಲ್ಲ.

ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೊಟ್ನಿಸ್ 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಹೋದರು, ಗಾಯಾಳುಗಳಿಗೆ ಆಪರೇಷನ್ ಮಾಡುತ್ತಾ ಮಾಡುತ್ತಾ 1942ರ ಡಿಸೆಂಬರಿನಲ್ಲಿ ಅಲ್ಲೇ ಸತ್ತರು. ತಕಸಾಗೊ ಹುಡುಗರು ಜಪಾನಿನ ಬಟ್ಟೆ ತೊಟ್ಟು ಹಡಗು ಹತ್ತಿದ್ದೂ ಅದೇ 1942ರಲ್ಲಿ. ಕೊಟ್ನಿಸರನ್ನು ನಾವು ಆದರ್ಶವಾದಿ ಅಂತೀವಿ, ಪಾಠದಲ್ಲಿ ಓದಿಸ್ತೀವಿ. 1936ರಿಂದ ಸ್ಪೇನಿಗೆ ಹೋಗಿ ಫ್ಯಾಸಿಸ್ಟರ ಎದುರು ಸತ್ತ ಯುರೋಪಿನ ಹುಡುಗರನ್ನು ಅಂತರರಾಷ್ಟ್ರೀಯವಾದಿಗಳು ಅಂತೀವಿ. ಅವರು ಯಾಕೆ ಹೋದರು ಎಂದು ಕೇಳಿದರೆ ವಿಚಾರಕ್ಕಾಗಿ, ಮನಸ್ಸಾಕ್ಷಿಗಾಗಿ ಅನ್ನುತ್ತೇವೆ. ಬೆಟ್ಟದ ಹುಡುಗ ಹೋದರೆ ಮಾತ್ರ ಹೊಟ್ಟೆಪಾಡು. ಓದಿದವನಿಗೆ ಮನಸ್ಸಾಕ್ಷಿ, ಕೇರಿಯವನಿಗೆ ಬರೀ ಹೊಟ್ಟೆ. ಈ ಹಂಚಿಕೆ ಯಾರು ಮಾಡಿದ್ದು? ಮನುವಿನ ಕಾಲದ ಹಂಚಿಕೆ ಇದು. ಅಯ್ಯೋ ಪಾಪ ಎನ್ನುವ ನಮ್ಮ ಬಾಯಲ್ಲೂ ಅದೇ ಕೂತಿದೆ ಅನ್ನೋದು ಆ ಸಂಜೆ ನಮಗೆ ತಿಳಿದು ನಾಚಿಕೆಯಾಯಿತು. ಪಕ್ಕದ ದೊಡ್ಡ ದೇಶವೊಂದು ನಿನ್ನ ನೆಲ ನನ್ನದೇ ಎನ್ನುವ ಬೆದರಿಕೆ ತೈವಾನಿನಲ್ಲಿ ಹುಟ್ಟಿದವನಿಗೆ ದಿನದ ಸುದ್ದಿ. ಅಮಿಸನಿಗಂತೂ ಅದು ನಾಲ್ಕು ಯಜಮಾನರನ್ನು ಕಂಡ ಕುಲದ ನೆನಪು. ಉಕ್ರೇನಿನ ಸುದ್ದಿ ಅವನ ಎದೆಗೆ ತಟ್ಟಲು ಡಾಕ್ಟರ್ ಪದವಿ ಬೇಕಿರಲಿಲ್ಲ.

ಹಾಗೆಂದು ಎರಡನೆಯ ಗೆಳೆಯನ 'ಹುತಾತ್ಮ' ಎಂಬ ಮಾತನ್ನೂ ನಾವು ಒಪ್ಪಲಾರೆವು. ಆ ಪಟ್ಟ ಕಟ್ಟುವವರು ಯಾವಾಗಲೂ ಸತ್ತವನ ಕಡೆಯವರಲ್ಲ. ಟೋಕಿಯೋದ ಯಸುಕುನಿ ದೇಗುಲದಲ್ಲಿ ಜಪಾನಿಗಾಗಿ ಸತ್ತವರನ್ನು ದೇವರೆಂದು ಪೂಜಿಸುತ್ತಾರೆ. ಆ ದೇವರುಗಳ ಪಟ್ಟಿಯಲ್ಲಿ 27 ಸಾವಿರಕ್ಕೂ ಮೇಲ್ಪಟ್ಟು ತೈವಾನೀಯರಿದ್ದಾರೆ, ಬೆಟ್ಟದ ಹುಡುಗರೂ ಇದ್ದಾರೆ. ಮನೆಯವರನ್ನು ಒಂದು ಮಾತು ಕೇಳಿರಲಿಲ್ಲ. ತೈವಾನಿನ ಸಂಸತ್ತಿನ ಸದಸ್ಯೆ, ಅತಾಯಲ್ ಬುಡಕಟ್ಟಿನ ಸಿವಾಸ್ ಅಲಿ ಅವರ ಮುಂದಾಳತ್ವದಲ್ಲಿ ಮೂಲನಿವಾಸಿಗಳು ಜಪಾನಿಗೇ ಹೋಗಿ, 'ನಮ್ಮ ಅಜ್ಜಂದಿರ ಆತ್ಮಗಳನ್ನು ನಮಗೆ ಕೊಡಿ, ಅವರನ್ನು ಕೊಂದವರ ಜೊತೆ ಕೂರಿಸಬೇಡಿ' ಎಂದು ಕೇಳಿದರು. ಒಮ್ಮೆ ಸೇರಿಸಿದ ಆತ್ಮವನ್ನು ಬೇರ್ಪಡಿಸಲು ಬರುವುದಿಲ್ಲ ಎಂದರು ಪೂಜಾರಿಗಳು. 2005ರಲ್ಲಿ ಒಸಾಕಾದ ಹೈಕೋರ್ಟು ಪ್ರಧಾನಿ ಆ ದೇಗುಲಕ್ಕೆ ಹೋದದ್ದು ಸಂವಿಧಾನಕ್ಕೆ ವಿರುದ್ಧ ಎಂದಿತು, ಪರಿಹಾರ ಮಾತ್ರ ಕೊಡಲಿಲ್ಲ. ಬದುಕಿದ್ದಾಗ ಗುಡಿಯ ಒಳಗೆ ಬಿಡದವರನ್ನು ನಾವು ಬಲ್ಲೆವು. ಸತ್ತ ಮೇಲೆ ಗುಡಿಯಿಂದ ಹೊರಗೆ ಬಿಡದವರೂ ಇದ್ದಾರೆ.

ತೈವಾನ್ ಈಗ ಆ ಜಪಾನ್ ಅಲ್ಲ, ಆ ಚಿಯಾಂಗನ ಕಾಲವೂ ಅಲ್ಲ. 2016ರ ಆಗಸ್ಟ್ 1ರಂದು ಅಲ್ಲಿನ ಅಧ್ಯಕ್ಷೆ ತ್ಸಾಯ್ ಇಂಗ್-ವೆನ್ ಮೂಲನಿವಾಸಿಗಳ ಕ್ಷಮೆ ಕೇಳಿದರು, ನಾಲ್ಕು ನೂರು ವರ್ಷಗಳ ಅನ್ಯಾಯಕ್ಕೆ. ಅಂಥ ಕ್ಷಮೆ ನಮಗೆ ಇನ್ನೂ ಯಾರೂ ಕೇಳಿಲ್ಲ. ಆದರೆ ಮರುವರ್ಷ ಅವರ ಪಾರಂಪರಿಕ ನೆಲ ಗುರುತಿಸುವ ನಿಯಮ ಬಂದಾಗ ಖಾಸಗಿಯವರ ಕೈಸೇರಿದ ಜಮೀನೆಲ್ಲ ಅದರ ಹೊರಗೆ ಉಳಿಯಿತು. ಮೂಲನಿವಾಸಿಗಳು ಅಧ್ಯಕ್ಷರ ಕಚೇರಿಯ ಮುಂದಿನ ರಸ್ತೆಯಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ಆ ರಸ್ತೆಗೆ ಕೇತಗಲನ್ ಎಂಬ ಮೂಲನಿವಾಸಿ ಬುಡಕಟ್ಟಿನದೇ ಹೆಸರು. ರಸ್ತೆಗೆ ಹೆಸರು ಕೊಟ್ಟರು, ನೆಲ ಕೊಡಲಿಲ್ಲ. ಆ ನೆಲದಿಂದ ಬಂದವನ ಸಾವನ್ನು 'ಮೊದಲ ತೈವಾನೀಯ' ಎಂದು ದೇಶ ಎತ್ತಿಕೊಳ್ಳುವಾಗ ಅಮಿಸ್ ಎಂಬ ಅರ್ಧ ವಾಕ್ಯ ಪೂರಾ ವಾಕ್ಯವಾಗಬೇಕು ಎಂದು ಕೇಳುವುದು ತಪ್ಪೇನೂ ಅಲ್ಲ.

ಆ ಹುಡುಗನನ್ನು ಮೂರ್ಖನೆಂದು ಕರೆಯುವ ಹಕ್ಕು ನಮಗಿಲ್ಲ, ಅವನ ಸಾವನ್ನು ಬಾವುಟ ಮಾಡುವ ಹಕ್ಕು ಯಾರಿಗೂ ಇಲ್ಲ ಎಂಬಲ್ಲಿಗೆ ಆ ದಿನ ನಾವು ಬಂದು ನಿಂತೆವು. ಅಷ್ಟರಲ್ಲಿ ಮೊದಲ ಗೆಳೆಯ ಇನ್ನೊಂದು ಸುದ್ದಿ ತೆಗೆದ. ರಷ್ಯಾದ ಕಡೆಯಿಂದ ಆ ಯುದ್ಧದಲ್ಲಿ ಸಾಯುತ್ತಿರುವವರು ಯಾರು? ಮಾಸ್ಕೋದವರಲ್ಲ. ಸೈಬೀರಿಯಾದ ಬುರ್ಯಾತರು, ತುವಾದವರು, ರಷ್ಯಾ ಎಂದೋ ನುಂಗಿದ ಸಣ್ಣ ಸಣ್ಣ ಜನಾಂಗಗಳವರು. ಅವರ ಸಾವಿನ ಪಾಲು ಅವರ ಜನಸಂಖ್ಯೆಗಿಂತ ಬಹಳ ಹೆಚ್ಚು. 2022ರ ಸೆಪ್ಟೆಂಬರಿನಲ್ಲಿ ಜನರನ್ನು ಸೈನ್ಯಕ್ಕೆ ಎಳೆದಾಗ ಬುರ್ಯಾತಿಯಾದ ಹಳ್ಳಿಗಳಲ್ಲಿ ರಾತ್ರೋರಾತ್ರಿ ಬಾಗಿಲು ಬಡಿದು ನೋಟೀಸು ಕೊಟ್ಟರು. ಅವರೂ ಬೆಟ್ಟ-ಬಯಲಿನ ಬಡವರು, ಅವರಿಗೂ ರಷ್ಯನ್ ಹೆಸರುಗಳು.

'ಈಗ ಹೇಳ್ರಿ,' ಅಂದ. 'ಅಮಿಸ್ ಹುಡುಗ ಮನಸ್ಸಾಕ್ಷಿಗೇ ಹೋದ, ಒಪ್ಪಿದೆ. ಅವನ ಬಂದೂಕಿನ ಎದುರಿಗೆ ಬಂದವನು ಬುರ್ಯಾತನಾಗಿದ್ರೆ?'

ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದ. ಹೊಲದ ಮೇಲೆ ಬೀಳಲು ಬಂದವನು ಬಡವನೇ ಆದರೂ ಹೊಲದವನು ತಡೆಯಬಾರದೇ ಎಂದು ಕೇಳಿದ. ತಡೀಲಿ, ಅದು ಹೊಲದವನ ಮಾತಾಯಿತು, ದೂರದಿಂದ ಹೋದವನ ಮಾತು ಹೇಳು ಅಂತ ಇವನು. ಹಾಗಾದರೆ ಕೊಟ್ನಿಸರು ಹೋದದ್ದೂ ತಪ್ಪೇ ಎಂದು ಮೇಷ್ಟ್ರು.

'ಕೊಟ್ನಿಸರ ಕೈಯಲ್ಲಿ ಬಂದೂಕು ಇರಲಿಲ್ಲ' ಅಂದ ಗೆಳೆಯ. ಅಲ್ಲಿಂದ ಮುಂದಕ್ಕೆ ನಮಗೆ ಇನ್ನೂ ಹೋಗಲಾಗಿಲ್ಲ.